ಮಂಗವ್ವನ ಉಡಿ

ಚಹಾಕ್ಕೆ ಇಟ್ಟ ನೀರು ಕುದಿಯುವ ಮೊದಲೇ ಬಸವಪ್ರಭುವಿನ ಎದೆ ಕುದಿಯತೊಡಗಿತು.

ಅಲ್ಲಿಯ ತನಕ ಅವನು ಬಹಳ ಹಗುರಾಗಿದ್ದ. ಮಹಾನಗರಪಾಲಿಕೆಯ ಚುನಾವಣೆ ಬಂತೆಂದರೆ ಲೈಸೆನ್ಸು ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಆ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಪುಣೆಯ ಸದಾಶಿವ ಪೇಠದ ತನ್ನ ಮನೆಯ ಮೆಟ್ಟಿಲು ಹತ್ತಿ ಬಂದು, ಒಂದು ಕಪ್ ಚಹಾ ಕುಡಿದು ಪಾತ್ರೆ ಅಂಗಡಿಯ ಬಾಗಿಲು ತೆಗೆದರಾಯಿತು ಎಂದುಕೊಂಡಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ನೀತಾ ಅತ್ತೆಯನ್ನು ಕರೆದುಕೊಂಡು ವಿಮಾನ ನಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಸಕ್ಕರೆ ಡಬ್ಬಿಗೆ ಕೈ ಚಾಚಿದಾಗ ನಡುಮನೆಯ ಕಬ್ಬಿಣದ ಕಪಾಟು ಕಣ್ಣಿಗೆ ಬಿತ್ತು. ಅದರ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು.

ಆ ಕಪಾಟಿನ ಒಂದು ಕೀಲಿ ಅವನ ಜೇಬಿನಲ್ಲಿರುತ್ತದೆ. ಇನ್ನೊಂದು, ಮನೆಯ ಉಳಿದೆಲ್ಲ ಕೀಲಿಗಳಂತೆ, ಅವನ ತಾಯಿ ರುದ್ರವ್ವನ ಸೊಂಟದಲ್ಲಿ.

ಒಳಗೆ ಅವನು ತೋಟಾಗಳನ್ನಿಡುವ ಮರದ ಡಬ್ಬಿ. ಮುಚ್ಚಳದ ಮೇಲೆ ಹಳದಿ ಹೆಬ್ಬೆರಳಿನ ಗುರುತು. ಮೂಸಿ ನೋಡುವುದೇ ಬೇಡ, ಅರಿಷಿಣ. ಮುಚ್ಚಳ ತೆಗೆದ. ಕಾಗದ ಸುತ್ತಿದ ತೋಟಾಗಳು ತಮ್ಮ ತಮ್ಮ ತೂತಿನಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಮೂಲೆಯ ಒಂದು ತೂತು ಮಾತ್ರ ಖಾಲಿ.

"ಅವ್ವಾ," ಎಂದ ಬಸವಪ್ರಭು, ಯಾರೂ ಇಲ್ಲದ ಮನೆಯಲ್ಲಿ. "ಏನ ಮಾಡೀದಿಯವ್ವಾ?"

ಆ ಬಂದೂಕಿನ ಸಂಗತಿ ಗೊತ್ತಿಲ್ಲದವರಿಗೆ ಅವನ ಕೈಕಾಲು ಏಕೆ ತಣ್ಣಗಾದವೆಂದು ತಿಳಿಯಲಿಕ್ಕಿಲ್ಲ. ಅದು ಮುತ್ತಜ್ಜನ ಕಾಲದ ವಿಲಾಯತಿ ಮಾಲು. ಆಗಿನ ಬಂದೂಕುಗಳಿಗೆ ಸಾಮಾನ್ಯವಾಗಿ ಮುಂದಿನ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದ ಕೋಲಿನಿಂದ ಜಡಿಯಬೇಕು. ಇದಕ್ಕೆ ಹಿಂದೆಯೂ ಒಂದು ಬಾಯಿ. ನಳಿಗೆಯ ಬುಡದ ಮೇಲೆ ಮಲಗಿದ ಉದ್ದನೆಯ ಉಕ್ಕಿನ ಹಿಡಿಯನ್ನು ಮೇಲಕ್ಕೆತ್ತಿದರೆ ಆ ಬಾಯಿ ತೆರೆಯುತ್ತದೆ. ಮದ್ದು, ಸೀಸದ ಗುಂಡು, ಹಿಂದೊಂದು ಮೇಣ ಹಚ್ಚಿದ ಉಣ್ಣೆಯ ಬಿಲ್ಲೆ ಎಲ್ಲವನ್ನೂ ಸೇರಿಸಿ ಕಾಗದದಲ್ಲಿ ಸುತ್ತಿದ ತೋಟಾವನ್ನು ಒಳಗೆ ತಳ್ಳಿ, ಹಿಡಿ ಮುಚ್ಚಬೇಕು. ಆಮೇಲೆ ಹೊರಗಿನ ಸಣ್ಣ ಕೊಳವೆಯ ಮೂತಿಗೆ ತಾಮ್ರದ ಕೇಪು ತೊಡಿಸಬೇಕು. ಕುದುರೆ ಎಂಬ ಪುಟ್ಟ ಸುತ್ತಿಗೆ ಬಂದು ಕೇಪಿಗೆ ಬಡಿದರೆ ಕಿಡಿ ಒಳಗೆ ಹಾರಿ ಮದ್ದಿಗೆ ತಗಲುತ್ತದೆ. ಎತ್ತಿದ ಹಿಡಿ ಥೇಟು ಮಂಗನ ಬಾಲದ ಹಾಗೆ ನಿಲ್ಲುವುದರಿಂದ ರುದ್ರವ್ವನ ತವರಿನಲ್ಲಿ ಆ ಬಂದೂಕಿಗೆ ಮಂಗವ್ವ ಎಂದೇ ಹೆಸರು ಬಿದ್ದಿತ್ತು.

ರುದ್ರವ್ವನ ಅಪ್ಪ ಘಟಪ್ರಭೆಯ ದಂಡೆಯ ಸಣ್ಣದೊಂದು ಊರಿನ ದೇಸಾಯಿ. ಗಂಡು ಮಕ್ಕಳಿಲ್ಲ. ಸಾಯುವ ಮುಂದೆ ಮಂಗವ್ವನನ್ನು ಪುಣೆಯ ಅಳಿಯನಿಗೆ ವಹಿಸಿ ಹೋದ. ಅಳಿಯನ ತರುವಾಯ ಲೈಸೆನ್ಸು ಮೊಮ್ಮಗ ಬಸವಪ್ರಭುವಿಗೆ ಬಂತು. ಲೈಸೆನ್ಸು ಯಾರ ಹೆಸರಿನಲ್ಲಾದರೂ ಇರಲಿ, ರುದ್ರವ್ವನ ಲೆಕ್ಕ ಬೇರೆ. "ನಾನೂ ಅಕಿನೂ ಒಂದ ಮನಿಯಿಂದ ಬಂದವರು," ಎನ್ನುತ್ತಿದ್ದಳು.

ಬಸವಪ್ರಭುವಿಗೆ ಅದು ಹುಚ್ಚೇ ಹಿಡಿಸಿತ್ತು. ಭಾನುವಾರ ಬಂತೆಂದರೆ ಅಂಗಡಿ ಮುಚ್ಚಿ, ಭೋರ್ ರಸ್ತೆಯ ಗುಡ್ಡದ ಬಗಲಿಗೆ ಅವರ ಕ್ಲಬ್ಬಿನವರು ಗುಂಡು ಹಾರಿಸುವ ಬಯಲಿಗೆ ಹೋಗುತ್ತಿದ್ದ. ಬೇರೆಯವರ ಹೊಸ ರೈಫಲ್ಲುಗಳು ಚಟ್ ಚಟ್ ಎಂದು ಸಿಡಿದರೆ ಮಂಗವ್ವ ಧಡ್ ಎಂದು ಕೆಮ್ಮುತ್ತಿದ್ದಳು. ಬಿಳಿ ಹೊಗೆ ಮುಖದ ಮುಂದೆ ತುಂಬಿಕೊಂಡು, ಗುರಿಗೆ ಬಿತ್ತೋ ಇಲ್ಲವೋ ನೋಡಲು ಗಾಳಿಯ ದಾರಿ ಕಾಯಬೇಕು. ಆ ಕಾಯುವುದರಲ್ಲಿಯೇ ಅವನಿಗೆ ಸುಖ. ಆಮೇಲೆ ಮನೆಗೆ ತಂದು ಬಚ್ಚಲಲ್ಲಿ ನಳಿಗೆಗೆ ಕುದಿ ನೀರು ಹೊಯ್ದು ತೊಳೆಯಬೇಕು, ಇಲ್ಲದಿದ್ದರೆ ಮದ್ದಿನ ಮಸಿ ರಾತ್ರೋರಾತ್ರಿ ತುಕ್ಕಾಗುತ್ತದೆ. ಆಗ ಏಳುವ ಗಂಧಕದ ವಾಸನೆಗೆ ಕೆಳಗಿನ ಮನೆಯವರು, ಈ ಲಿಂಗಾಯತರು ಬಾಗಿಲು ಹಾಕಿಕೊಂಡು ತತ್ತಿ ಬೇಯಿಸುತ್ತಾರೆಂದು ಮಾತಾಡಿಕೊಂಡಿದ್ದರು. "ಬಾಣಂತಿಗೆ ಎರದಂಗ ಎರೀತಾನ ನೋಡು," ಎಂದು ರುದ್ರವ್ವ ಸೊಸೆಗೆ ಹೇಳಿ ನಗುತ್ತಿದ್ದಳು. "ನಿನಗ ಮೂರು ಬಾಣಂತನ ಆದ್ರೂ ಒಂದು ತಂಬಿಗಿ ನೀರು ಕಾಸಿ ಕೊಟ್ಟಿಲ್ಲ ಈ ನಿನ್ನ ಗಂಡ!"

ತೋಟಾ ಸುತ್ತುವುದರಲ್ಲಿ ಮಾತ್ರ ತಾಯಿಯನ್ನು ಮೀರಿಸಿದವರಿಲ್ಲ. ಹೂಬತ್ತಿ ಹೊಸೆದ ಬೆರಳು. ಉಣ್ಣೆಯ ಬಿಲ್ಲೆಗೆ ಕುರಿಯ ಕೊಬ್ಬು ಹಚ್ಚಬೇಕೆಂದು ಕ್ಲಬ್ಬಿನವರು ಹೇಳಿದಾಗ ಅವಳು ಕಿವಿ ಮುಚ್ಚಿಕೊಂಡಿದ್ದಳು. ಜೇನುಮೇಣಕ್ಕೆ ಔಡಲೆಣ್ಣೆ ಕೂಡಿಸಿ ಕಾಸಿ, ಅದನ್ನೇ ಹಚ್ಚಿದಳು. ಅಂದಿನಿಂದ ಕ್ಲಬ್ಬಿನಲ್ಲಿ ಬಸವಪ್ರಭುವಿನದು ಶಾಕಾಹಾರಿ ತೋಟಾ.

ಅದೇ ಕ್ಲಬ್ಬಿನಲ್ಲಿ ಅವನಿಗೆ ಇನ್ನೊಂದು ಹೆಸರೂ ಇತ್ತು: ಬಾಯಿ ತೋರಿಸು ಕಾಕಾ. ಯಾರೇ ಬಂದೂಕು ಹಿಡಿದು ಬಂದರೂ, ಅವರು ಹೊಸಬರಿರಲಿ ರಿಟಾಯರ್ಡ್ ಕರ್ನಲ್ ಇರಲಿ, "ಮೊದಲು ತೆಗೆದು ಬಾಯಿ ತೋರಿಸು, ಆಮೇಲೆ ನಮಸ್ಕಾರ," ಎಂದು ಗದರುವವನು ಅವನೇ.

ಈಗ ಗ್ಯಾಸಿನ ಮೇಲಿನ ನೀರು ಕುದಿದು ಉಕ್ಕುತ್ತಿದ್ದರೂ ಅವನಿಗೆ ಅದರ ಪರಿವೆ ಇಲ್ಲ. ಬೆಳಗಿನದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು.

ಹಿಂದಿನ ಸಂಜೆ ಮಂಗವ್ವನನ್ನು ತೊಳೆದು, ಒರೆಸಿ, ಬಾಯಿ ತೆರೆದು ದೀಪಕ್ಕೆ ಹಿಡಿದು ನೋಡಿ, ಬಾಲ ಮುಚ್ಚಿ, ಗವಸಿಗೆ ಹಾಕಿ ಲಾಡಿ ಕಟ್ಟಿ ಇಟ್ಟಿದ್ದ. ಆಗ ಖಾಲಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಬೆಳಿಗ್ಗೆ ಅವನು ಜಳಕ ಮುಗಿಸಿ ಬರುವಷ್ಟರಲ್ಲಿ ರುದ್ರವ್ವ ಅದನ್ನು ಗವಸಿನಿಂದ ತೆಗೆದು ದೇವರ ಜಗಲಿಯ ಮುಂದೆ ಮಲಗಿಸಿ ಪೂಜೆ ಮಾಡಿದ್ದಳು. ವಿಭೂತಿ, ಅರಿಷಿಣ ಕುಂಕುಮ, ಒಂದು ಎಳೆ ಸೇವಂತಿಗೆ. ಕುದುರೆಯ ಮೇಲಿಂದ ಬಾಲದ ತನಕ ಕುಬಸಕ್ಕೆಂದು ತಂದ ಕೆಂಪು ಕಣದ ತುಂಡನ್ನು ಸುತ್ತಿ, ಕುಬಸದ ಗಂಟಿನ ಹಾಗೆ ಗಂಟು ಹಾಕಿದ್ದಳು. ತಾಯಿಯ ಮನಸ್ಸು ಎಂದುಕೊಂಡು ಅವನು ಬಿಚ್ಚಿರಲಿಲ್ಲ.

ಠಾಣೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದವನು ಹವಾಲ್ದಾರ ಭೀಮಣ್ಣ, ಅಕ್ಕಲಕೋಟೆಯ ಕಡೆಯವನು. ಪುಣೆಯ ಆ ಮರಾಠಿ ಗದ್ದಲದಲ್ಲಿ ಕನ್ನಡದವರು ಸಿಕ್ಕರೆ ಅವನಿಗೆ ಊಟವೇ ಬೇಡ.

"ಬಾಯಿ ತೆಗದು ತೋರಸಬೇಕೇನ್ರಿ?" ಎಂದು ಬಸವಪ್ರಭು ಕೇಳಿದ್ದ. ಕೇಳಿದ್ದೇನೋ ನಿಜ.

ಗವಸಿನಿಂದ ತೆಗೆದಿಟ್ಟ ಬಂದೂಕಿನ ಕುಂಕುಮ ನೋಡಿ ಭೀಮಣ್ಣ ಕೈ ಮುಗಿದಿದ್ದ. "ಛೇ ಛೇ, ಪೂಜಾ ಮಾಡಿದ್ದು ಬಿಚ್ಚಬಾರದ್ರಿ ಸಾವಕಾರ್ರ. ನೀವೇನು ಹೊರಗಿನವರೇನು? ಖಾಲಿ ಅದ ಅಲ್ಲ?"

"ಖಾಲಿ ಅದರಿ."

ಹಾಗೆಂದು ತನ್ನ ಬಾಯಿಂದಲೇ ಹೇಳಿ ಬಂದಿದ್ದ, ಬಾಯಿ ತೋರಿಸು ಕಾಕಾ!

ಅದಕ್ಕೂ ಮೊದಲಿನದು ನೆನಪಾದಾಗ ಅವನು ಅಡುಗೆಮನೆಯ ಕಟ್ಟೆ ಹಿಡಿದು ನಿಂತ. ಠಾಣೆಗೆ ರಿಕ್ಷಾದಲ್ಲಿ ಹೋಗಿದ್ದ. ಮಂಗವ್ವನನ್ನು ಎರಡು ಮೊಣಕಾಲಿನ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು, ಗವಸಿನ ತುದಿಯ ಮೇಲೆ ಗದ್ದ ಊರಿಕೊಂಡು ಕೂತಿದ್ದ. ಹತ್ತಿದ ಒಂದೊಂದು ಸ್ಪೀಡ್ ಬ್ರೇಕರೂ ಈಗ ಗದ್ದದ ಕೆಳಗೆ ಕುಟ್ಟಿದ ಹಾಗಾಯಿತು.

ಗ್ಯಾಸು ಆರಿಸಿ, ಸ್ಕೂಟರಿನ ಕೀಲಿ ತೆಗೆದುಕೊಂಡು ಮೆಟ್ಟಿಲು ಇಳಿಯುತ್ತಲೇ ನೀತಾಳಿಗೆ ಫೋನು ಹಚ್ಚಿದ. ಗಂಟೆ ಹೊಡೆಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಹಿಂದೊಂದು ಟೆಂಪೊ, ಮುಂದೊಂದು ಕೋಚಿಂಗ್ ಕ್ಲಾಸಿನ ಮಕ್ಕಳ ಹಿಂಡು, ನಡುವೆ ಪ್ರಚಾರದ ರಿಕ್ಷಾ ತನ್ನ ಭೋಂಗಾದಲ್ಲಿ ಯಾರಿಗೋ ಮತ ಕೇಳುತ್ತಿತ್ತು. ಸಿಗ್ನಲಿನಲ್ಲಿ ನಿಂತಾಗ ಫೋನು ಬಡಿದುಕೊಂಡಿತು.

"ಏನ್ರೀ, ಇಷ್ಟ ಸಲ ಫೋನ್ ಮಾಡೀರಿ? ಅತ್ತಿ ಕಣ್ಣಿಗೆ ಹನಿ ಹಾಕಿ ಕೂಡ್ಸ್ಯಾರ."

"ಅವ್ವನ ಕೈಯಾಗ ಕೊಡು. ಲಗೂ."

"ಏನಾತು? ದನಿ ಯಾಕ ಹಿಂಗಾಗೇದ?"

"ಕೊಡಽ ಮಾರಾಯ್ತಿ!"

ರುದ್ರವ್ವನ ದನಿ ಬಂತು. ಫೋನಿನಲ್ಲಿ ಮಾತಾಡುವಾಗ ಅವಳು ವಿಮಾನ ನಗರದಿಂದ ನೇರ ಸದಾಶಿವ ಪೇಠಕ್ಕೆ ಕೇಳಲಿ ಎಂಬಂತೆ ಕೂಗುತ್ತಿದ್ದಳು. "ಹಾಂ, ಪ್ರಭೂ! ಏನೂ ಕಾಣವಲ್ದೋ, ಎಲ್ಲಾ ಮಂಜ ಮಂಜ!"

"ಅವ್ವಾ, ಮಂಗವ್ವನ ಒಳಗ ತೋಟಾ ಇಟ್ಟೀಯೇನು?"

"ಇಡದ ಕಳಸ್ತಾರೇನೋ? ಮನಿ ಬಿಟ್ಟು ಹೊಂಟಾಕಿ. ಅದೂ ಪರರ ಮನಿಗೆ. ಬರೇ ಉಡೀಲೆ ಕಳಸಿದ್ರ ನಮ್ಮಪ್ಪ ಮ್ಯಾಲಿಂದ ಬೈತಾನ."

ಬಸವಪ್ರಭು ಕಣ್ಣು ಮುಚ್ಚಿದ. ಹೌದು. ಮನೆಯಿಂದ ಹೊರಡುವ ಹೆಣ್ಣುಮಗಳನ್ನು, ಮಗಳಿರಲಿ, ಬಂದ ಗೆಳತಿಯಿರಲಿ, ರುದ್ರವ್ವ ಬರಿ ಸೆರಗಿನಲ್ಲಿ ಹೊಸ್ತಿಲು ದಾಟಿಸಿದವಳಲ್ಲ. ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಉತ್ತತ್ತಿ ಹಾಕಿ ಉಡಿ ತುಂಬಿಯೇ ಕಳಿಸಬೇಕು. ಗಂಡ ತೀರಿಕೊಂಡ ಮೇಲೆ ಯಾರೋ, ನಿಮ್ಮ ಕೈಲಿ ಉಡಿ ತುಂಬಬಹುದೇ ಎಂದು ಕೊಂಕು ತೆಗೆದಾಗ, "ಅಕ್ಕಿಗೇನು ಗೊತ್ತಿರತದ ಯಾರ ಕೈ ಅಂತ?" ಎಂದು ಬಾಯಿ ಮುಚ್ಚಿಸಿದ್ದಳು. ಹಿಂದಿನ ಚುನಾವಣೆಗಳಲ್ಲಿ ಬಂದೂಕನ್ನು ಠಾಣೆಗೆ ಒಯ್ದವನು ಬಸವಪ್ರಭುವೇ, ಆದರೆ ಆಗೆಲ್ಲ ತಾಯಿ ಮಗಳ ಮನೆಯಲ್ಲಿರುತ್ತಿದ್ದಳು. ಭಾನುವಾರ ಹೋಗಿ ಸಂಜೆಗೆ ಮರಳುವುದು ಲೆಕ್ಕಕ್ಕಿಲ್ಲ, ಮಂಗವ್ವ ಪರರ ಮನೆಯಲ್ಲಿ ತಂಗಲು ಹೊರಡುವುದನ್ನು ಅವಳು ಕಣ್ಣಾರೆ ಕಂಡದ್ದು ಇದೇ ಮೊದಲು.

"ಅವ್ವಾ, ಕೇಪು? ಕೇಪು ಹಾಕೀಯೇನು?"

"ಏನ?"

"ಕೇಪು! ಕೇ-ಪು!"

ಹಸಿರು ದೀಪ ಬಿತ್ತು. ಹಿಂದಿನವರೆಲ್ಲ ಒಮ್ಮೆಲೇ ಹಾರ್ನು ಬಾರಿಸಿದರು. ಆ ಗದ್ದಲದಲ್ಲಿ ತಾಯಿ ಏನೋ ಅಂದಳು, ಅದರ ಮೇಲೆ ನರ್ಸಮ್ಮ ಯಾರೋ ಮರಾಠಿಯಲ್ಲಿ, ಅಜ್ಜಿ, ಮುಖ ಮೇಲೆ ಮಾಡಿ, ಫೋನು ಇಡಿ ಎಂದಳು. ಫೋನು ಸುಮ್ಮನಾಯಿತು. ಮರಳಿ ಹಚ್ಚಿದರೆ ಮತ್ತೆ ಗಂಟೆ ಹೊಡೆಯುವುದೇ ಆಯಿತು.

ಎಲ್ಲವೂ ಆ ಕೇಪಿನ ಮೇಲೆ ನಿಂತಿತ್ತು. ಕೇಪಿಲ್ಲದಿದ್ದರೆ ಒಳಗಿನ ತೋಟಾ ನಿದ್ದೆಯಲ್ಲಿದ್ದ ಹಾಗೆ, ವರ್ಷಗಟ್ಟಲೆ ಮಲಗೀತು. ಕೇಪಿದ್ದು, ಕುದುರೆ ಅದರ ಮೇಲೆಯೇ ಕೂತಿದ್ದರೆ, ಟ್ರಿಗರ್ ಎಳೆಯುವುದೂ ಬೇಡ. ಯಾರಾದರೂ ಎತ್ತಿ ಹಾಕಿದರೆ, ಇನ್ನೊಂದು ಬಂದೂಕಿನ ಹಿಂಬದಿಯ ಮರದ ದಸ್ತಾ ಕುದುರೆಯ ಬೆನ್ನಿಗೆ ತಗಲಿದರೆ ಸಾಕು.

ಸ್ಕೂಟರು ಓಡಿಸುತ್ತಲೇ ತಲೆಯೊಳಗೆ ಇನ್ನೊಂದು ಮಾತು ಎದ್ದಿತು. ಹೇಳಿದರೆ ಮುಗಿಯಿತು. ತುಂಬಿದ ಬಂದೂಕನ್ನು ಖಾಲಿ ಎಂದು ಹೇಳಿ ಪೊಲೀಸರಿಗೇ ಕೊಟ್ಟವನಿಗೆ ಯಾರು ಲೈಸೆನ್ಸು ಉಳಿಸುತ್ತಾರೆ? ಲೈಸೆನ್ಸು ಹೋದರೆ ಮಂಗವ್ವ ಹೋದಳು, ಜಪ್ತಿಯಾಗಿ ಯಾವುದೋ ಕೋಣೆಯಲ್ಲಿ ತುಕ್ಕು ಹಿಡಿದು, ಕಡೆಗೆ ಕಬ್ಬಿಣದ ಲೆಕ್ಕದಲ್ಲಿ ಭಟ್ಟಿಗೆ. ತಾಯಿಗೆ ಏನೆಂದು ಹೇಳುವುದು? ಭೀಮಣ್ಣನ ನೌಕರಿಯ ಗತಿ ಏನು?

ಠಾಣೆಯ ಅಂಗಳಕ್ಕೆ ಬಂದಾಗ ನೀಲಿ ವ್ಯಾನೊಂದು ಹಿಂಬಾಗಿಲು ತೆರೆದು ನಿಂತಿತ್ತು. ಜಮೆಯಾದ ಬಂದೂಕುಗಳನ್ನು ದೊಡ್ಡ ಉಗ್ರಾಣಕ್ಕೆ ಸಾಗಿಸುವ ತಯಾರಿ. ಇಬ್ಬರು ಪೊಲೀಸರು ಒಳಗಿನಿಂದ ಕಬ್ಬಿನ ಜಲ್ಲೆಯಂತೆ ತಬ್ಬಿ ತಬ್ಬಿ ತರುತ್ತಿದ್ದರು. ಡ್ರೈವರ್ ಮಧುಕರ್, ಒಳ್ಳೆಯ ಹೊಟ್ಟೆ ಇದ್ದ ಆಸಾಮಿ, ವ್ಯಾನಿನ ಬಾಗಿಲಲ್ಲಿ ನಿಂತು ಒಂದೊಂದನ್ನೂ ಇಸಿದುಕೊಂಡು ಒಳಗೆ ಅಡ್ಡ ಮಲಗಿಸುತ್ತಿದ್ದ. ಗೋಡೆಗೆ ಒರಗಿದ ಸಾಲಿನಲ್ಲಿ ಕೆಂಪು ಕಣದ ಗಂಟು ಕಾಣಿಸಿತು.

ಭೀಮಣ್ಣ ಓಡಿ ಬಂದ. "ಯಾಕ್ರಿ ಸಾವಕಾರ್ರ, ಏನರೆ ಮರತೀರೇನು?"

ಬಸವಪ್ರಭು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ತುಂಬೇದ," ಎಂದ.

"ಏನ ತುಂಬೇದ?"

"ಬಂದೂಕು. ನಮ್ಮವ್ವ ತೋಟಾ ಹಾಕ್ಯಾಳ."

ಭೀಮಣ್ಣನ ಮುಖದ ಮೇಲಿನ ನಗು ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಬೇರೆಯಾದವು. ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದ. "ಸುಮ್ನಿರ್ರಿ. ಮೇಡಂ ಒಳಗಿದ್ದಾರ. ನಾ ಖಾಲಿ ಅದ ಅಂತ ಸಹಿ ಮಾಡೀನಿ. ವ್ಯಾನು ಹೋಗಲಿ. ಅಲ್ಲಿ ಇಳಸೂ ಮುಂದ ನಾನ ಇರ್ತೀನಿ, ಸದ್ದಿಲ್ಲದ ತಗದ ಬಿಡೂಣಂತ. ನಿಮ್ಮದೂ ಉಳೀತದ, ನಂದೂ ಉಳೀತದ."

ಮಾತು ಸಿಹಿಯಾಗಿತ್ತು. ಬಸವಪ್ರಭು ಒಂದು ಗಳಿಗೆ ಅದನ್ನು ಬಾಯಿಗೆ ಹಾಕಿಕೊಂಡ ಹಾಗೆಯೇ ನಿಂತ. ಇಷ್ಟು ಹೊತ್ತು ಏನೂ ಆಗಿಲ್ಲ. ರಿಕ್ಷಾದಲ್ಲಿ ಆಗಲಿಲ್ಲ, ಕಟ್ಟೆಯ ಮೇಲೆ ಇಟ್ಟಾಗ ಆಗಲಿಲ್ಲ. ವ್ಯಾನು ಮಹಾ ಎಂದರೆ ಎಷ್ಟು ದೂರ ಹೋದೀತು? ಬಹುಶಃ ಕೇಪೇ ಇರಲಿಕ್ಕಿಲ್ಲ.

ಆಗ ಪೊಲೀಸಿನವನು ಸಾಲಿನಿಂದ ಕೆಂಪು ಗಂಟನ್ನೇ ಎತ್ತಿದ. ಬಾಯಿ ಮುಂದೆ ಮಾಡಿ ವ್ಯಾನಿನ ಕಡೆ ನಡೆದ. ಮಧುಕರ್ ಎರಡೂ ಕೈ ಚಾಚಿದ. ನಳಿಗೆಯ ತುದಿ ಅವನ ಖಾಕಿಯ ಗುಂಡಿಯೊಂದಕ್ಕೆ, ಹೊಕ್ಕುಳಿಗೆ ಸರಿಯಾಗಿ, ತಗಲಿ ನಿಂತಿತು.

"ಮುಟ್ಟಬ್ಯಾಡ್ರೋ! ತುಂಬೇದ ಅದು, ತುಂಬೇದ!"

ಅಂಗಳದಲ್ಲಿ ಭೀಮಣ್ಣನ ಹೊರತು ಯಾರಿಗೂ ತಿಳಿಯಲಿಲ್ಲ. ಹೆದರಿಕೆಯಲ್ಲಿ ಬಸವಪ್ರಭುವಿನ ಬಾಯಿಗೆ ತಾಯಿನುಡಿಯೇ ಬಂದಿತ್ತು. ಪೊಲೀಸಿನವನು ಬಂದೂಕು ಹಿಡಿದೇ ತಿರುಗಿ ನೋಡಿದ, ತಿರುಗಿದ ಹಾಗೆ ನಳಿಗೆಯೂ ಇಡೀ ಅಂಗಳವನ್ನು ಸವರಿತು.

"ಥಾಂಬಾ! ಭರಲೇಲೀ ಆಹೇ!" ಎಂದು ಬಸವಪ್ರಭು ಅದೇ ಮಾತನ್ನು ಮರಾಠಿಯಲ್ಲಿ ಚೀರಿದ. "ನೆಲಕ್ಕಿಡು. ಮೆಲ್ಲಗೆ. ಬಾಯಿ ಆ ಗೋಡೆಯ ಕಡೆ."

ಆ ಮಾತು ಎಲ್ಲರಿಗೂ ತಿಳಿಯಿತು. ಪೊಲೀಸಿನವನು ಅದನ್ನು ಗೋಡೆಗೆ ಒಟ್ಟಿದ್ದ ಮರಳಿನ ಚೀಲಗಳ ಮುಂದೆ ಮಲಗಿಸಿ ಹಿಂದೆ ಸರಿದ. ಮಧುಕರ್ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವ್ಯಾನಿನ ಹಿಂದೆ ಹೋದ. ಗದ್ದಲ ಕೇಳಿ ಪಿಎಸ್‌ಐ ಅನುಜಾ ಖೋಪಡೆ ಹೊರಗೆ ಬಂದರು. ಭೋರ್ ಕಡೆಯವರು, ವಯಸ್ಸು ಚಿಕ್ಕದು, ನಗು ಕಡಿಮೆ.

"ಯಾರದು ಇದು?" ಮರಾಠಿಯಲ್ಲಿ ಕೇಳಿದರು.

"ನನ್ನದು ಮೇಡಂ. ಖಾಲಿ ಇದೆ ಎಂದು ಹೇಳಿದವನೂ ನಾನೇ. ಬಾಯಿ ತೆರೆದು ತೋರಿಸದೆ ಕೊಟ್ಟು ಹೋದೆ. ತಪ್ಪು ನನ್ನದು." ಭೀಮಣ್ಣನ ಹೆಸರು ಅವನ ನಾಲಿಗೆಯ ತನಕ ಬಂದು ಅಲ್ಲಿಯೇ ನಿಂತಿತು.

"ತೆಗೆಯಲಿಕ್ಕೆ ಬಾಂಬ್ ದಳದವರನ್ನು ಕರೆಸಲೇ?"

"ಬೇಡ ಮೇಡಂ. ಇದರ ಸ್ವಭಾವ ನನಗೆ ಗೊತ್ತು. ಎಲ್ಲರೂ ನನ್ನ ಬೆನ್ನ ಹಿಂದೆ ನಿಲ್ಲಲಿ."

ಅವರು ಒಂದು ಗಳಿಗೆ ಅವನನ್ನೇ ನೋಡಿ ತಲೆ ಆಡಿಸಿದರು. ಎಲ್ಲರೂ ಕಟ್ಟಡದ ಮೂಲೆಗೆ ಸರಿದರು. ಮೇಡಂ ಮಾತ್ರ ಮೂಲೆಯಾಚೆಯಿಂದ ಇಣುಕಿ ನಿಂತರು.

ಬಸವಪ್ರಭು ಮೊಣಕಾಲೂರಿ ಕೂತ. ಕಣದ ಗಂಟು ತಾಯಿಯದು, ಎಳೆದಷ್ಟೂ ಬಿಗಿಯುವ ಗಂಟು. ಎಳೆದಾಡಿದರೆ ಕುದುರೆ ಅಲುಗುತ್ತದೆ. ಉಗುರಿನಿಂದ ಒಂದೊಂದೇ ಎಳೆ ಸಡಿಲಿಸಿದ. ಬೆವರು ಮೂಗಿನ ತುದಿಯಿಂದ ಕುಂಕುಮದ ಮೇಲೆ ಬಿತ್ತು. ಬಟ್ಟೆ ಜಾರಿತು. ಕುದುರೆಯ ತಲೆ ಕೆಳಗಿತ್ತು, ಅದರ ಅಡಿಯಲ್ಲಿ ತಾಮ್ರದ ಮಿರುಗು.

ಕೇಪು ಇತ್ತು.

ಈಗ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎತ್ತಬೇಕು. ಸ್ಪ್ರಿಂಗು ಗಟ್ಟಿ. ಅರ್ಧ ದಾರಿಯಲ್ಲಿ ಬೆರಳು ಜಾರಿದರೆ ಅದು ನೇರ ಕೇಪಿನ ಮೇಲೆಯೇ ಬಡಿಯುತ್ತದೆ. ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಅಂಗಡಿಯಲ್ಲಿ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆದು ಕೊರೆದು ಗಟ್ಟಿಯಾದ ಹೆಬ್ಬೆರಳು ಅವನದು. ಒಂದು ಅಕ್ಷರ ತಪ್ಪಿದರೆ ಪಾತ್ರೆ ಕೆಟ್ಟಿತು ಎಂದು ಉಸಿರು ಹಿಡಿದು ಕೊರೆಯುವ ಹಾಗೆಯೇ ಉಸಿರು ಹಿಡಿದ. ಎಳೆದ. ಟಕ್ ಎಂದು ಕುದುರೆ ಅರ್ಧಕ್ಕೆ ಬಂದು ಕಚ್ಚಿ ನಿಂತಿತು. ಆ ಒಂದು ಸದ್ದಿಗೆ ಮೂಲೆಯಲ್ಲಿ ಯಾರೋ 'ಆಯ್ಯೀ' ಎಂದರು.

ಉಗುರಿನಿಂದ ಕೇಪನ್ನು ಎಬ್ಬಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿದ. ಬಾಲ ಎತ್ತಿದ. ಮಂಗವ್ವ ಬಾಯಿ ತೆರೆದಳು. ಒಳಗೆ ತಾಯಿ ಸುತ್ತಿದ ತೋಟಾದ ಬಿಳಿ ಬೆನ್ನು, ಅದರ ಮೇಲೊಂದು ಅರಿಷಿಣದ ಬೊಟ್ಟು. ಬೆರಳಿಗೆ ಸಿಗಲಿಲ್ಲ. "ಒಂದು ತೆಳ್ಳನೆಯ ಕೋಲು ಕೊಡಿ," ಎಂದ. ಠಾಣೆಯಲ್ಲಿ ಜಪ್ತಿ ಮಾಡಿ ರಾಶಿ ಹಾಕಿದ್ದ ಪ್ರಚಾರದ ಧ್ವಜಗಳಿಂದ ಭೀಮಣ್ಣ ಒಂದು ಬಿದಿರ ಕಡ್ಡಿ ಕಿತ್ತು, ತೋಳು ಉದ್ದ ಮಾಡಿ ದೂರದಿಂದಲೇ ಕೊಟ್ಟ. ಬಸವಪ್ರಭು ಮುಂದಿನ ಬಾಯಿಯಿಂದ ಕಡ್ಡಿ ಹಾಕಿ ಮೆತ್ತಗೆ ದೂಡಿದ. ತೋಟಾ ಹಿಂದಿನ ಬಾಯಿಯಿಂದ ಜಾರಿ ಬಂದು ಅವನ ಅಂಗೈಯಲ್ಲಿ ಕೂತಿತು, ಮೇಣದ ವಾಸನೆ ಸಮೇತ.

ಮಧುಕರ್ ಬಂದು ಬಸವಪ್ರಭುವಿನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. "ಕಾಕಾ," ಎಂದ, "ನನ್ನ ಹೆಂಡತಿ ದಿನಾ ಹೊಟ್ಟೆ ಕರಗಿಸು ಅಂತಾಳೆ. ಇವತ್ತು ಒಂದೇ ಸಲಕ್ಕೆ ಕರಗುತ್ತಿತ್ತು." ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಅನುಜಾ ಮೇಡಂ ತೋಟಾ ಮತ್ತು ಕೇಪನ್ನು ಬೇರೆ ಬೇರೆ ಲಕೋಟೆಗೆ ಹಾಕಿಸಿದರು. ಉಳಿದ ಎಲ್ಲ ಬಂದೂಕುಗಳನ್ನೂ ವ್ಯಾನಿನಿಂದ ಇಳಿಸಿ, ಬಾಯಿ ತೆರೆದು ನೋಡದೆ ಒಂದನ್ನೂ ಹತ್ತಿಸಕೂಡದು ಎಂದು ಗುಡುಗಿದರು. ಭೀಮಣ್ಣನ ಕಡೆ ನೋಡಿದ ನೋಟದಲ್ಲಿ ಅವನಿಗೆ ಬೇಕಾದಷ್ಟು ಇತ್ತು. ಆಮೇಲೆ ಬಸವಪ್ರಭುವಿಗೆ ಹೇಳಿದರು: "ನಾಳೆ ನಿಮ್ಮ ಮನೆಗೆ ಬರುತ್ತೇನೆ. ತುಂಬಿದವರ ಮಾತು ನಾನೇ ಕೇಳಬೇಕು. ಅಷ್ಟು ವಯಸ್ಸಿನವರನ್ನು ಇಲ್ಲಿಗೆ ಕರೆಸುವಂತಿಲ್ಲ."

ಆ ಸಂಜೆ ಕಣ್ಣಿನ ಮಂಜು ಇಳಿದಿದ್ದ ರುದ್ರವ್ವನಿಗೆ ಮಗ ನಡೆದದ್ದನ್ನು ಹೇಳಿದ. ತಪ್ಪಾಯಿತೆಂದು ಅವಳು ಮೊದಲು ಒಪ್ಪಲಿಲ್ಲ.

"ತೋಟಾ ಸರಿ. ಕೇಪು ಯಾಕ ಹಾಕಿದಿಯವ್ವಾ?" ಎಂದು ಅವನು ಕೇಳಿದ.

"ಉಡಿ ತುಂಬಿದ ಮ್ಯಾಲೆ ಕುಂಕುಮ ಹಚ್ಚಂಗಿಲ್ಲೇನು? ಬರೇ ಹಣೀಲೆ ಕಳಸಲ್ಯಾ?"

"ಆ ಡ್ರೈವರನ ಹೊಟ್ಟೀಗೆ ಹಚ್ಚಿ ಹಿಡದಿದ್ರು ಅವ್ವಾ. ನಳಿಗೀನ."

ರುದ್ರವ್ವನ ಕೈ ಸೊಂಟದ ಕೀಲಿಗಳ ಮೇಲೆ ಹೋಯಿತು. ಕೇಳಿದಳು: "ಅವಗ ಮಕ್ಕಳ ಅದಾವೇನು?"

"ಗೊತ್ತಿಲ್ಲ."

ಅವಳು ಸೊಂಟದಿಂದ ಕೀಲಿಗಳ ಗೊಂಚಲು ತೆಗೆದು, ಹಲ್ಲಿನಿಂದ ಗೊಂಚಲಿನ ಬಳೆಯನ್ನು ಅಗಲಿಸಿ, ಕಪಾಟಿನ ಕೀಲಿಯೊಂದನ್ನು ಬಿಡಿಸಿ ನೀತಾಳ ಕೈಯಲ್ಲಿಟ್ಟಳು. "ನೀ ಇಟ್ಕೋ. ಅವನ ಕಡೆ ಇರೂ ಕೀಲೀನೂ ಇಸ್ಕೋ. ಅವನೂ ನೋಡದ ಒಯ್ದಾನ."

ಮರುದಿನ ಅನುಜಾ ಮೇಡಂ ಬಂದರು. ರುದ್ರವ್ವ ತನ್ನ ಅರೆಬರೆ ಮರಾಠಿಯಲ್ಲಿ, ಸಿಗದಿದ್ದ ಕಡೆ ಕನ್ನಡ ಸೇರಿಸಿ, ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ, ಅಳಲೂ ಇಲ್ಲ. ಉಡಿಯ ಮಾತು ಬಂದಾಗ ಮೇಡಂ ಬರೆಯುವುದನ್ನು ನಿಲ್ಲಿಸಿ, "ಓಟಿ? ಬಂದೂಕಿಗೆ ಓಟಿ ಭರಿಸಿದಿರಾ ಆಜಿ?" ಎಂದು ಕೇಳಿದರು. ನೀತಾ ಚಹಾ ತಂದಿಟ್ಟಳು. ಬಸವಪ್ರಭು ಕುರ್ಚಿಯ ತುದಿಯಲ್ಲಿ ಕೂತು, ಆ ಪೆನ್ನು ಏನು ಬರೆಯುತ್ತದೆಂದು ತಲೆಕೆಳಗಾಗಿ ಓದಲು ನೋಡುತ್ತಿದ್ದ.

"ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಕಾಕಾ," ಎಂದು ಅವರು ಎದ್ದರು. "ತುಂಬಿದ ಬಂದೂಕು ತಂದಿರಿ ಎಂದೂ ಬರೆಯುತ್ತೇನೆ. ಯಾರೂ ಕೇಳದೆ ನೀವೇ ಓಡಿ ಬಂದು ಹೇಳಿದಿರಿ ಎಂದೂ ಬರೆಯುತ್ತೇನೆ. ಲೈಸೆನ್ಸು ಉಳಿಯುತ್ತದೋ ಇಲ್ಲವೋ ಮೇಲಿನವರು ಹೇಳಬೇಕು. ಅಲ್ಲಿಯ ತನಕ ಅದು ನಮ್ಮಲ್ಲೇ ಇರುತ್ತದೆ."

"ಬಾಯಿ ತೆರೆದೇ ಇಟ್ಟಿದ್ದೀರಾ ಮೇಡಂ?"

"ಬಾಲ ಎತ್ತಿ ನಿಲ್ಲಿಸಿದ್ದೇವೆ. ಭೀಮಣ್ಣ ಇನ್ನು ದಿನಾ ನೋಡಿ ಹೋಗುತ್ತಾನೆ. ಅವನಿಗೂ ನೋಟೀಸು ಹೋಗುತ್ತದೆ."

ಅವರು ಹೊಸ್ತಿಲ ಹತ್ತಿರ ಹೋಗುವಷ್ಟರಲ್ಲಿ ರುದ್ರವ್ವ ಒಳಗಿನಿಂದ ಕೂಗಿದಳು: "ನಿಂದ್ರವಾ ತಾಯೀ! ಹೆಣ್ಮಗಳು ಹಂಗ ಹೊಂಟಿಯಲ್ಲ!"

ಕೈಯಲ್ಲಿ ಹಿತ್ತಾಳೆಯ ತಟ್ಟೆ. ಮೇಡಂ ತಮ್ಮ ಖಾಕಿ ಅಂಗಿ, ಪ್ಯಾಂಟು ನೋಡಿಕೊಂಡರು. ಒಡ್ಡಲು ಸೆರಗಿಲ್ಲ. "ಡ್ಯೂಟಿಯಲ್ಲಿದ್ದೇನೆ ಆಜಿ, ಏನೂ ತೆಗೆದುಕೊಳ್ಳುವಂತಿಲ್ಲ," ಎಂದರು. ರುದ್ರವ್ವ ಕದಲಲಿಲ್ಲ. "ಒಂದು ಹಿಡಿ ಅಕ್ಕಿ ಲಂಚ ಆಕ್ಕದೇನವಾ? ನಿಮ್ಮವ್ವ ಇದ್ರ ಬಿಡತಿದ್ಲೇನು?" ನೀತಾ ಅದನ್ನು ಮರಾಠಿಯಲ್ಲಿ ಹೇಳಿದಳು. ಭೋರಿನ ಮನೆ ನೆನಪಾಯಿತೋ ಏನೋ, ಮೇಡಂ ಸುತ್ತ ಒಮ್ಮೆ ನೋಡಿ, ತಲೆಯ ಮೇಲಿನ ಟೋಪಿ ತೆಗೆದು, ಮಗುಚಿ, ಎರಡೂ ಕೈಯಲ್ಲಿ ಮುಂದೆ ಒಡ್ಡಿದರು.

ರುದ್ರವ್ವ ಬೊಗಸೆ ತುಂಬಿ ಹಾಕಿದಳು, ಮತ್ತೆ ಹಾಕಿದಳು. ಬಸವಪ್ರಭುವಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು ಎರಡೇ ಹೆಜ್ಜೆಗೆ ಬಾಗಿಲಿಗೆ ಬಂದು, ತಾಯಿಯ ಹೆಗಲ ಮೇಲಿಂದ ಬಗ್ಗಿ ಟೋಪಿಯೊಳಗೆ ನೋಡಿದ.

"ಏನ ನೋಡ್ತೀಯೋ?" ಎಂದಳು ರುದ್ರವ್ವ, ತಿರುಗದೆ.

"ಏನಿಲ್ಲವ್ವಾ."

ಅಕ್ಕಿ. ಕೊಬ್ಬರಿ ಬಟ್ಟಲು. ಅರಿಷಿಣ ಬೇರು. ಉತ್ತತ್ತಿ. ಬೆರಳು ಹಾಕಿ ಅಕ್ಕಿಯನ್ನು ಸ್ವಲ್ಪ ಸರಿಸಿಯೂ ನೋಡಿದ. ಕೆಳಗೂ ಅಕ್ಕಿಯೇ ಇತ್ತು.